ನೀರು ಉಳಿಸಿದವನ ಮೂರು ಹಲ್ಲು

ಕಾಲುವೆ ನೀರಿನ ಪಾಳಿ ಬರೆಯುವ ಮಾನ್ಯರೇ,

ಮೊದಲು ಖರ್ಚು ಹೇಳಿಬಿಡುತ್ತೇನೆ: ಗುರಣ್ಣನ ಮೂರು ಹಲ್ಲು, ರೇವಣಪ್ಪನ ತಲೆಗೆ ಹನ್ನೊಂದು ಹೊಲಿಗೆ, ಮುರಿದ ಒಂದು ಮುಂಗೈ, ಎರಡು ಎಕರೆ ತುಂಬ ಹಾಸಿದ್ದ ಹನಿ ನೀರಾವರಿ ಪೈಪು, ತಮ್ಮ ಇಲಾಖೆಯ ಒಂದು ಬೋರ್ಡು. ಇಷ್ಟನ್ನೂ ಮಾಡಿದ್ದು ತಮ್ಮ ಒಂದೇ ಸಾಲಿನ ಆದೇಶ.

ಗೊಳಸಂಗಿಯಲ್ಲಿ ಪೈಪಿನ ಅಂಗಡಿ ಇಟ್ಟವನು ನಾನು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು, ಬಾಯಿಯೇ ಬಂಡವಾಳ. ಆ ಬಾಯಿಂದಲೇ ಹನಿ ಪೈಪು ಹಾಸಲು ಗುರಣ್ಣನನ್ನು ಒಪ್ಪಿಸಿದೆ. ವಾರಕ್ಕೊಮ್ಮೆ ಎಂಟು ತಾಸು ಬರುವ ನೀರನ್ನು ಆತ ಹೊಂಡದಲ್ಲಿ ಹಿಡಿದ, ಹನಿಹನಿಯಾಗಿ ಬಿಟ್ಟ. ಒಂದು ಎಕರೆ ತೊಯ್ಯುತ್ತಿದ್ದ ನೀರಿಗೆ ಎರಡು ಎಕರೆ ಉಳ್ಳಾಗಡ್ಡಿ ಎದ್ದಿತು. ತಾವು ಬಂದು ಹಾರ ಹಾಕಿಸಿಕೊಂಡು, 'ಅರ್ಧ ನೀರು ಸಾಕು' ಎಂಬ ಬೋರ್ಡು ನೆಟ್ಟು ಹೋದಿರಿ. ಮರುತಿಂಗಳೇ ಆದೇಶ: ಅರ್ಧ ಸಾಕಾದವನಿಗೆ ನಾಲ್ಕೇ ತಾಸು, ಉಳಿದದ್ದು ಮೇಲಿನ ಹೊಲದ ರೇವಣಪ್ಪನ ಕಬ್ಬಿಗೆ. ಉಳಿಸಿದವನಿಗೆ ಕಡಿತ, ಹರಿಯಬಿಟ್ಟವನಿಗೆ ಬಹುಮಾನ. ಈ ಗಣಿತವನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ?

ನಾಲ್ಕು ತಾಸು ಮುಗಿದೊಡನೆ ರೇವಣಪ್ಪ ತೂಬು ತಿರುಗಿಸಲು ಬಂದ. "ನಿನ್ನ ಬೋರ್ಡ್ ನೀನ ಓದಿಲ್ಲೇನು ಕಾಕಾ? ಉಳಿದರ್ಧಾ ನನ್ನ ಕಬ್ಬು ಕುಡೀಲಿ ಬಿಡು."

"ಉಳಿಸಿದಾಂವ ನಾ. ಕುಡಿಯಾಕ ನೀ ಯಾರಲೇ?" ಎಂದು ಗುರಣ್ಣ ಸಲಿಕೆ ಬೀಸಿದ. ಮುಂಗೈ ಮುರಿದ ಸದ್ದು ದಂಡೆಯ ಮೇಲಿದ್ದ ನನಗೂ ಕೇಳಿತು. ತಮ್ಮ ಗುತ್ತಿಗೆದಾರ ಗೇಣುದ್ದವೂ ಹುಗಿಯದ ಬೋರ್ಡನ್ನು ರೇವಣಪ್ಪ ಇನ್ನೊಂದೇ ಕೈಯಿಂದ ಕಿತ್ತು, ಅದರ ಕಬ್ಬಿಣದ ಕಾಲನ್ನು ಗುರಣ್ಣನ ಬಾಯಿಗೆ ಇಕ್ಕಿದ. ಗುರಣ್ಣ ಅದನ್ನೇ ಕಸಿದು ಅವನ ನೆತ್ತಿ ಒಡೆದ. ಇಲಾಖೆ ಕೊಟ್ಟ ಸಲಕರಣೆಗಳಲ್ಲಿ ರೈತರಿಬ್ಬರೂ ಸಮನಾಗಿ ಬಳಸಿದ್ದು ಅದೊಂದೇ. ನೀರು ಕೆಂಪಾಗಿ ಕಬ್ಬಿಗೇ ಹೋಯಿತು.

ಗಂಡನನ್ನು ಆಸ್ಪತ್ರೆಯಲ್ಲಿ ಬಿಟ್ಟು ಗುರಣ್ಣನ ಹೆಂಡತಿ ಸುಂದರವ್ವ ತಮ್ಮ ಕಚೇರಿಗೆ ಬಂದಳು. ಪೈಪು ತೆಗೆದರೆ ಹಳೆಯ ಪಾಳಿ ಸಿಗುತ್ತದೆ ಎಂದು ಕಳಿಸಿದಿರಿ. ಮರುದಿನ ಆಕೆ ಕುಡಗೋಲಿನಿಂದ ಸಾಲುಸಾಲಾಗಿ ಪೈಪು ಕೊಯ್ಯುತ್ತಿದ್ದಳು. ತಡೆಯಹೋದೆ.

"ಹತ್ರ ಬರಬ್ಯಾಡ್ರಿ ಇಸ್ಮಾಯಿಲಣ್ಣ. ನಿಮ್ಮ ಮಾತ ಕೇಳಿ ಅವರ ಹಲ್ಲ ಹೋದುವು. ಈಗ ಪೈಪಿನ ಕುತ್ತಿಗಿ ಅಷ್ಟ ಕೊಯ್ಯಾಕತ್ತೇನಿ. ನಡುವ ಬಂದ್ರ ನಿಮ್ದೂ ಕೊಯ್ತೇನಿ."

ಹಿಂದೆ ಸರಿದೆ.

ರೈತರು ಹೊಸ ಪದ್ಧತಿಗೆ ಯಾಕೆ ಒಲಿಯುವುದಿಲ್ಲ ಎಂದು ತಾವು ಇಂಡಿಯಿಂದ ಮುದ್ದೇಬಿಹಾಳದವರೆಗೆ ಸಭೆ ನಡೆಸುತ್ತೀರಿ. ರೈತ ಕಲಿಯುವುದು ಪಕ್ಕದ ಹೊಲ ನೋಡಿ. ಗುರಣ್ಣನ ಹೊಲ ನೋಡಿ ಹನ್ನೆರಡು ಮಂದಿ ಪೈಪು ಕೇಳಿದ್ದರು. ಅವನ ಬಾಯಿ ನೋಡಿ ಹನ್ನೆರಡೂ ಮಂದಿ ಬೇಡವೆಂದರು.

ಆ ಆದೇಶ ಹರಿದುಹಾಕಿ. ಉಳಿಸಿದ ನೀರು ಉಳಿಸಿದವನದೇ ಎಂದು ಸಹಿ ಮಾಡಿ ಕೊಡಿ. ಪೈಪು ನಾನು ಪುಕ್ಕಟೆ ಹಾಸುತ್ತೇನೆ, ಹಲ್ಲು ತಾವು ಕಟ್ಟಿಸಿ. ಆಗದಿದ್ದರೆ ಮುಂದಿನ ಪಾಳಿಗೆ ತೂಬಿನ ಮೇಲೆ ತಾವೇ ಬಂದು ನಿಲ್ಲಿ. ಸಲಿಕೆಗಳು ಅಲ್ಲೇ ಇವೆ.

ಗುರಣ್ಣನಿಗೆ ಹಳೆಯ ಎಂಟು ತಾಸು ಸಿಕ್ಕಿತು, ಪೈಪಿಲ್ಲದೆ ಒಂದು ಎಕರೆ ಒಣಗಿತು. ರೇವಣಪ್ಪನಿಗೆ ಬಂದಿದ್ದ ನಾಲ್ಕು ತಾಸು ಹೋಯಿತು, ಪ್ಲಾಸ್ಟರ್ ಉಳಿಯಿತು. ತಮ್ಮ ವರದಿಯಲ್ಲಿ ಆ ಹೊಲ ಇಂದಿಗೂ ಮಾದರಿ ತಾಕು.

ಇಂತಿ,
ಸುಂದರವ್ವನ ಹೊಲದ ದಾರಿ ಬಿಟ್ಟು ಸುತ್ತಿ ಹೋಗುವ
ಪೈಪಿನ ಇಸ್ಮಾಯಿಲ, ಗೊಳಸಂಗಿ