ಹಳದಿ ಫ್ರಾಕಿನ ಮೂರು ಪಟ್ಟಿಗಳು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗೀ,

ನಾನು ಚೆನ್ನಾಗಿದ್ದೇನೆ, ನೀನೂ ಹಾಗೇ ಇದ್ದೀಯೆಂದು ನಂಬಿಕೊಂಡು ಬರೆಯಲು ಕೂತಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ನೀನು ಮುನಿಸಿಕೊಂಡಿರುತ್ತೀ, ನಿನ್ನ ಮೂಗಿನ ತುದಿ ಕೆಂಪಾಗಿರುವುದು ಇಲ್ಲಿಂದಲೇ ಕಾಣಿಸುತ್ತಿದೆ. ಕಣ್ಣಿನ ಆಪರೇಷನ್ ಆಗಿತ್ತು, ಡಾಕ್ಟರು ಬರೆಯಬೇಡಿ ಎಂದಿದ್ದರು ಎಂದು ನೆಪ ಹೇಳಬಹುದು. ಆದರೆ ಬ್ಯಾಂಡೇಜು ಬಿಚ್ಚಿ ಮೂರು ವಾರವಾಯಿತು, ಈಗ ಸೂಜಿಗೆ ನಾನೇ ದಾರ ಪೋಣಿಸುತ್ತೇನೆ. ನಮ್ಮ ದರ್ಜಿ ಹೊಸ ಮೆಷೀನು ಕೊಂಡಿದ್ದಾನೆ, ಅದರ ಸದ್ದಿಗೆ ಬೀದಿಯೇ ಕಿವಿ ಮುಚ್ಚಿಕೊಂಡಿದೆ. ನೋಡು, ಮತ್ತೆ ಬೇರೆ ಮಾತಿಗೆ ಹೋದೆ. ಇಷ್ಟು ದಿನ ಬರೆಯದೆ ಇದ್ದದ್ದು ಹೆದರಿಕೆಯಿಂದ.

ನೀನು ಕೇಳಿದ್ದು ಒಂದೇ. ಗುಬ್ಬಿಯ ಹಳದಿ ಫ್ರಾಕು ಕಳಿಸಿಕೊಡು, ಈಗ ನೋಡುವ ಧೈರ್ಯ ಬಂದಿದೆ ಎಂದು. ರಜೆಗೆಂದು ನನ್ನಲ್ಲಿ ಬಿಟ್ಟುಹೋಗಿದ್ದ ನಿನ್ನ ಮಗಳು ನಮ್ಮ ಹಿತ್ತಲಿನ ತೊಟ್ಟಿಯ ನೀರಿನಲ್ಲಿ ಮುಳುಗಿ ಹೋಗಿ ಮೂರು ವರ್ಷ. ಅವತ್ತು ಅವಳ ಮೈಮೇಲಿದ್ದ ಆ ಫ್ರಾಕನ್ನು ನೀನು ನನ್ನ ಕೈಗಿಟ್ಟು, ನನ್ನ ಕಣ್ಣಿಗೆ ಬೀಳಬಾರದು, ಆದರೆ ಬಿಸಾಡಲೂ ಬೇಡ ಅಂದದ್ದು ನಿನ್ನೆಯ ಹಾಗಿದೆ.

ಆ ಫ್ರಾಕು ಈಗ ಇಡಿಯಾಗಿಲ್ಲ. ನಾನೇ ಹರಿದುಬಿಟ್ಟೆ.

ಬೇಕೆಂದು ಹರಿಯಲಿಲ್ಲ ತಂಗೀ. ಆಪರೇಷನ್ನಿಗೆ ಸರದಿ ಕಾಯುತ್ತಿದ್ದ ಆರು ತಿಂಗಳು ನಾನು ಕೌದಿ ಹೊಲಿದದ್ದು ಬೆರಳಿನಿಂದಲೇ. ದರ್ಜಿ ಚೀಲದ ತುಂಬ ಚಿಂದಿ ಕಳಿಸುತ್ತಿದ್ದ. ಬಣ್ಣ ಕಾಣದಿದ್ದರೂ ಯಾವುದು ಒರಟು, ಯಾವುದು ನುಣುಪು ಎಂದು ಕೈ ಹೇಳುತ್ತಿತ್ತು. ಮುಖಕ್ಕೆ ತಾಗುವ ಅಂಚಿಗೆ ಮಾತ್ರ ನಾನು ಹೊಸ ಬಟ್ಟೆ ಹಾಕುವುದಿಲ್ಲ. ಒಗೆದು ಒಗೆದು ಮೆತ್ತಗಾದ ಹಳೆಯದೇ ಬೇಕು. ಬೀರುವಿನ ಕೆಳಗಿನ ಖಾನೆಯಲ್ಲಿ ಕೈಯಾಡಿಸಿದೆ, ಎಲ್ಲಕ್ಕಿಂತ ಮೆತ್ತಗಿದ್ದದ್ದು ಕೈಗೆ ಬಂತು. ಎಂಥ ಒಳ್ಳೆಯ ಬಟ್ಟೆ ಸಿಕ್ಕಿತೆಂದು ಖುಷಿಯಿಂದ ಪರ್ರನೆ ಹರಿದೆ. ಮೂರು ಪಟ್ಟಿಗಳಾದವು, ಮೂರು ಕೌದಿಗೆ ಹೋದವು. ಕಣ್ಣು ಬಂದ ಮೇಲೆ ಕಸ ಗುಡಿಸುವಾಗ ಮಂಚದಡಿ ಫ್ರಾಕಿನ ಕಾಲರು ಸಿಕ್ಕಿತು, ಗುಂಡಿ ಹಾಕಿದ್ದು ಹಾಕಿದಂತೆಯೇ ಇತ್ತು. ಏನನ್ನು ಹರಿದಿದ್ದೆನೆಂದು ಆಗ ತಿಳಿಯಿತು.

ಮರುದಿನವೇ, ಮಾರಿದ್ದ ಆ ಕೌದಿಗಳನ್ನು ವಾಪಸು ಕೇಳಲು ಹೊರಟೆ. ಹಗ್ಗ ಕಂಡು ಹಾವೆನ್ನುವವಳಲ್ಲ ನಾನು. ಚಿಕ್ಕಂದಿನಲ್ಲಿ ಕತ್ತಲೆ ಕೋಣೆಗೆ ನಿನ್ನನ್ನು ಕೈಹಿಡಿದು ಕರೆದೊಯ್ಯುತ್ತಿದ್ದವಳು ನಾನೇ. ಮುಂದಿನದನ್ನು ಓದುವಾಗ ಇದನ್ನು ನೆನಪಿಟ್ಟುಕೊ.

ಮೊದಲು ಬೇಕರಿಯವನ ಮನೆ. ನಾನು ಬಾಯಿ ತೆರೆಯುವ ಮುಂಚೆಯೇ ಅವನ ಹೆಂಡತಿ ಕೌದಿಯನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಅವನು ಬಟ್ಟೆ ಸರಿಯಿಲ್ಲವೇನೋ, ಗೋಡೆಯೇ ತೇವವೇನೋ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ. ಅವಳು ನೇರವಾಗಿ ಹೇಳಿದಳು. ಎಷ್ಟು ಒಣಗಿಸಿದರೂ ಬೆಳಗಾಗುವಷ್ಟರಲ್ಲಿ ಮೇಲಿನ ಅಂಚು ಒದ್ದೆಯಾಗಿರುತ್ತದಂತೆ. ಬ್ರೆಡ್ಡು ಸುಡುವ ಒಲೆಯ ಪಕ್ಕ ಮೂರು ದಿನ ತೂಗುಹಾಕಿದರೂ ಅಷ್ಟೇ ಅಂತೆ. ನಾನು ಮುಟ್ಟಿ ನೋಡಿದೆ. ಹಳದಿ ಪಟ್ಟಿಯೊಂದೇ ಹಸಿಯಾಗಿತ್ತು. ಅದಕ್ಕೇ ಜೋಡಿಸಿ ಹೊಲಿದಿದ್ದ ನೀಲಿ ತುಂಡು ಗರಿಗರಿಯಾಗಿ ಒಣಗಿತ್ತು.

ಎರಡನೆಯದು ನರ್ಸಮ್ಮನ ಮನೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. ತುಸು ಕಣ್ಣು ಹತ್ತಿದೊಡನೆ ಕೌದಿ ಎಡಕ್ಕೆ ಸರಿಯುತ್ತದಂತೆ, ಪಕ್ಕದಲ್ಲಿ ಮಗು ಮಲಗಿ ತನ್ನ ಕಡೆಗೆ ಎಳೆದುಕೊಳ್ಳುವ ಹಾಗೆ. ಅವಳಿಗೆ ಮಕ್ಕಳಿಲ್ಲ. ಎಳೆದರೆ ಎಳೆಯಲಿ ಎಂದು ಮೊದಮೊದಲು ಬಿಟ್ಟುಕೊಡುತ್ತಿದ್ದಳಂತೆ. ಒಂದು ದಿನ ಕೈಚಾಚಿದಾಗ ಬೆರಳಿಗೆ ಒದ್ದೆ ಕೂದಲು ಸಿಕ್ಕಿತಂತೆ. ಹೆಣ ನೋಡಿ ನೋಡಿ ಪಳಗಿದ ಹೆಂಗಸು, ಅದನ್ನು ಹೇಳುತ್ತ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ಬದಲಿಗೆ ಬೇರೆ ಕೌದಿ ಹೊಲಿದುಕೊಡುತ್ತೇನೆಂದರೂ ಬೇಡವೆಂದಳು.

ಎರಡೂ ಪಟ್ಟಿಗಳನ್ನು ಬಿಚ್ಚಿ ಮೂರು ದಿನ ತಲೆದಿಂಬಿನ ಕೆಳಗಿಟ್ಟುಕೊಂಡೆ. ಏನೂ ಆಗಲಿಲ್ಲ. ನನ್ನ ಮನೆಯಲ್ಲಿ ಅವು ಒಣಗಿಯೇ ಇದ್ದವು. ಕಂಡವರ ಮನೆಗೆಲ್ಲ ಹೋಗುವವಳಿಗೆ ನನ್ನ ಹತ್ತಿರ ಬರಲು ಮನಸ್ಸಿಲ್ಲವಲ್ಲ ಎಂದು ತುಂಬ ಅತ್ತೆ.

ಮೂರನೆಯ ಕೌದಿ ಇರುವುದು ರಿಟೈರಾದ ಟೀಚರಮ್ಮನ ಮನೆಯಲ್ಲಿ. ಒಬ್ಬರೇ ಇರುತ್ತಾರೆ, ಎರಡು ಕೋಣೆ, ಗೋಡೆಗೆ ಇನ್ನೂ ಒಂದು ಕರಿಹಲಗೆ. ಹುಣಸೆಗೆ ಮುಪ್ಪಾದರೆ ಹುಳಿಗೆ ಮುಪ್ಪೇ? ಚಪ್ಪಲಿ ಸೊಟ್ಟ ಬಿಟ್ಟೆನೆಂದು ಬಾಗಿಲಲ್ಲೇ ನನ್ನನ್ನು ಗದರಿದರು. ಕೌದಿ ವಾಪಸು ಕೊಡುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದರು. ಅದರಿಂದ ಏನಾದರೂ ತೊಂದರೆಯಿದೆಯೇ ಎಂದು ಮೆಲ್ಲಗೆ ಕೇಳಿದೆ.

"ತೊಂದರೆ ಏನಿಲ್ಲ. ಸಂಜೆ ಹೊದ್ಕೊಂಡು ಕೂತ್ರೆ ಒಂದು ಮಗು ಎಣಿಸ್ತಾ ಇರತ್ತೆ. ಹದಿಮೂರು ಆದ್ಮೇಲೆ ಹದಿನೈದು ಅಂತಿತ್ತು. ನಲವತ್ತು ವರ್ಷ ಪಾಠ ಹೇಳ್ದೋಳು ನಾನು, ಕೇಳ್ಕೊಂಡು ಸುಮ್ನಿರೋಕಾಗತ್ತಾ? ತಿದ್ದಿದೆ. ಈಗ ಹದಿನಾಲ್ಕು ಸರಿಯಾಗಿ ಬರತ್ತೆ."

ಗುಬ್ಬಿಯ ಹದಿನಾಲ್ಕಿನ ವಿಷಯ ನಮ್ಮ ಮೂವರನ್ನು ಬಿಟ್ಟರೆ ಯಾರಿಗೆ ಗೊತ್ತು? ಹದಿನಾಲ್ಕು ಎಲ್ಲಿ ಹೋಯಿತೆಂದು ನಿನ್ನ ಗಂಡ ಅವಳ ಫ್ರಾಕಿನ ಜೇಬೆಲ್ಲ ತಡಕುತ್ತಿದ್ದದ್ದು, ಅವಳು ಬಿದ್ದು ಬಿದ್ದು ನಗುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅದು ನಮ್ಮ ಮಗು ಎಂದು ಟೀಚರಮ್ಮನಿಗೆ ಹೇಳಿದೆ. ತೊಟ್ಟಿಯ ವಿಷಯವನ್ನೂ ಹೇಳಿದೆ. ಅವರು ಬಹಳ ಹೊತ್ತು ಕೌದಿ ಸವರುತ್ತ ಕೂತಿದ್ದರು.

"ಅವಳಮ್ಮ ಬಂದು ಕೇಳಲಿ, ಕೊಡ್ತೀನಿ," ಅಂದರು. "ನಿಮ್ಮ ಕೈಗೆ ಕೊಡಲ್ಲ."

ಯಾಕೆಂದು ನಾನು ಕೇಳಲಿಲ್ಲ.

ಎರಡು ಪಟ್ಟಿ ಮತ್ತು ಕಾಲರನ್ನು ಈ ಕಾಗದದ ಜೊತೆಗೇ ಪಾರ್ಸೆಲ್ ಮಾಡುತ್ತಿದ್ದೇನೆ. ಮೂರನೆಯದಕ್ಕೆ ನೀನೇ ಬರಬೇಕು. ಕೆಲಸ ಬಿದ್ದಿರಲಿ, ಹೊರಟು ಬಾ. ಅವಳ ದನಿ ಕೇಳುವ ಹಕ್ಕು ನಿನ್ನದು, ನನ್ನದಲ್ಲ. ಟೀಚರಮ್ಮನ ವಿಳಾಸ ಕಾಗದದ ಹಿಂಬದಿಯಲ್ಲಿದೆ. ನನ್ನ ಮನೆಗೆ ಬರದೆ ನೇರ ಅಲ್ಲಿಗೇ ಹೋದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಿನ್ನ ಗಂಡನ ಬೆನ್ನುನೋವು ಬೇಗ ವಾಸಿಯಾಗಲಿ. ನಿನ್ನ ಮನೆ ತಣ್ಣಗಿರಲಿ. ನನ್ನ ಆಯಸ್ಸಿನಲ್ಲಿ ಉಳಿದದ್ದು ಏನಾದರೂ ಇದ್ದರೆ ಅದೂ ನಿನಗೇ ಸೇರಲಿ.

ಇಂತಿ,
ನಿನ್ನ ಅಕ್ಕ

ತಾ.ಕ. ಅವಳು ಯಾಕೆ ಎಣಿಸುತ್ತಾಳೆಂದು ನಾನು ಟೀಚರಮ್ಮನಿಗೆ ಹೇಳಲಿಲ್ಲ. ನಿನಗೆ ಹೇಳಬೇಕು. ಅವತ್ತು ಅಂಗಡಿಗೆ ಹೋಗಿದ್ದೆನೆಂದು ನಿನಗೆ ಹೇಳಿದ್ದು ಸುಳ್ಳು. ಮನೆಯಲ್ಲೇ ಕೌದಿ ಹರಡಿಕೊಂಡು ಕೂತಿದ್ದೆ. ಚೆಂಡು ತೊಟ್ಟಿಗೆ ಬಿತ್ತು, ತೆಗೆದುಕೊಡು ದೊಡ್ಡಮ್ಮಾ ಎಂದು ಹಿತ್ತಲಿನಿಂದ ಕರೆದಳು. ಸಾಲಿನ ನಡುವೆ ಎದ್ದರೆ ಹೊಲಿಗೆ ಸುಕ್ಕುಗಟ್ಟುತ್ತದೆ. "ಇಪ್ಪತ್ತರ ತನಕ ಎಣಿಸು ಕಂದಾ, ಈ ಸಾಲು ಮುಗಿಸಿ ಬರ್ತೀನಿ," ಅಂದೆ. ಜೋರಾಗಿ ಎಣಿಸಿದಳು. ಹದಿನಾಲ್ಕು ಬಿಟ್ಟದ್ದು ಕೇಳಿ ನನ್ನಷ್ಟಕ್ಕೆ ನಕ್ಕೆ. ಇಪ್ಪತ್ತಾಯಿತು. ಸಾಲು ಇನ್ನೂ ಒಂದು ಗೇಣು ಉಳಿದಿತ್ತು. ಅದನ್ನು ಮುಗಿಸಿಯೇ ಎದ್ದೆ.

ಇಪ್ಪತ್ತಾದ ಮೇಲೆ ಏನು ಮಾಡುತ್ತಾಳೆಂದು ಟೀಚರಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಒಂದರಿಂದ ಶುರುಮಾಡುತ್ತಾಳಂತೆ.