ಅಕ್ಕನ ಸಹಿ

ಪ್ರೀತಿಯ ಅಕ್ಕನಿಗೆ,

ನಾನೀಗ ಹೋಟೆಲು, ಬಾರುಗಳಿಗೆ ಹಾಡು ಒದಗಿಸುವ ಕಂಪನಿಯಲ್ಲಿದ್ದೇನೆ. ಯಾವ ಹಾಡಿಗೆ ಯಾರ ಅನುಮತಿ ಇದೆ ಎಂದು ನೋಡಿ ಪಟ್ಟಿ ಮಾಡುವುದು ನನ್ನ ಕೆಲಸ. ನೀನು ಕಾಲೇಜಿನಲ್ಲಿ ರೆಕಾರ್ಡ್ ಮಾಡಿಸಿದ್ದ ಹಾಡನ್ನೂ ನಿನ್ನನ್ನು ಕೇಳದೆ ಅದರಲ್ಲಿ ಸೇರಿಸಿಬಿಟ್ಟೆ.

ಮೊನ್ನೆ ತಪಾಸಣೆಗೆ ಬಂದವರು, "ಇದನ್ನ ಹಾಡಿದವರ ಒಪ್ಪಿಗೆ ಎಲ್ರೀ?" ಎಂದರು. "ಸಾಹಿತ್ಯ ಓದಿದವರಿಗೆ ಕೆಲಸ ಕೊಟ್ರೆ ಹೀಗೇ ಸಾರ್" ಎಂದು ಮ್ಯಾನೇಜರು ನನ್ನತ್ತ ಕೈ ತೋರಿಸಿ ನಕ್ಕರು. ಸೋಮವಾರದೊಳಗೆ ನಿನ್ನ ಸಹಿ ಬರದಿದ್ದರೆ ಹಾಡನ್ನು ತೆಗೆಯಬೇಕು.

ತೆಗೆದರೆ ನನಗೇನೂ ಆಗದು. ಆದರೆ ಅಪ್ಪ ದಿನಾ ಸಂಜೆ ನಮ್ಮ ಬೀದಿಯ ಕೊನೆಯ ಹೋಟೆಲಿಗೆ ಹೋಗಿ, ನಿನ್ನ ಹಾಡು ಬರುವವರೆಗೂ ಒಂದೇ ಕಾಫಿ ಹಿಡಿದು ಕೂರುತ್ತಾರೆ. ನೀನು ಮನೆ ಬಿಟ್ಟ ಅವತ್ತಿನ ಜಗಳದ ನಂತರ ಅವರು ಮನೆಯಲ್ಲಿ ನಿನ್ನ ಹೆಸರೆತ್ತಿಲ್ಲ. ನಿನ್ನೆ ಮಾತ್ರ, "ಯಾರೋ ಹುಡುಗಿ ಚೆನ್ನಾಗಿ ಹಾಡ್ತಾಳೆ ಕಣೋ. ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳೋ ಇಲ್ವೋ" ಎಂದರು.

ಒಪ್ಪಿಗೆ ಪತ್ರ ಜೊತೆಗಿದೆ. ಕೆಳಗೆ ಸಹಿ ಮಾಡಿ ಅಂಚೆಗೆ ಹಾಕಿದರೆ ಸಾಕು. ಹಾಡಿದವರೇ ಖುದ್ದಾಗಿ ಬಂದು ಕೊಡಬೇಕೆಂಬ ನಿಯಮ ಇದೆಯೇನೋ ಎಂದು ಎರಡು ಸಲ ಓದಿದೆ. ಎಲ್ಲೂ ಇಲ್ಲ.

ನಿನ್ನ ತಮ್ಮ