ತೋಳಿಗೆ ಕಟ್ಟಿದ ಲಿಂಗ

ಅವ್ವಾ,

ನಿನ್ನ ಕಿರಿಮಗಳು ವನಜಾಕ್ಷಿಗೆ ಸೋಮವಾರ ಆಪರೇಷನ್ ಆಯ್ತು. ನಿನ್ನನ್ನು ಕರೆದುಕೊಂಡು ಹೋದ ಕಾಯಿಲೆಯೇ ಅವಳಿಗೂ. ಎದೆಯೊಳಗಿನ ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿತ್ತು. ತೋಟದಲ್ಲಿ ನಾಲ್ಕು ತೆಂಗಿನ ಗರಿ ಎಳೆಯುವಷ್ಟರಲ್ಲಿ ಏದುಸಿರು ಬರುತ್ತಿತ್ತು.

ಕೊರಳಲ್ಲಿರುವುದನ್ನೆಲ್ಲ ತೆಗೆಯಿರಿ ಎಂದು ನರ್ಸ್ ಹೇಳಿದಾಗ, ಇವಳೂ ನಿನ್ನಂತೆಯೇ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವತ್ತು ನೀನು ಹಾಗೆ ಹಿಡಿದುಕೊಂಡೇ, ಆಪರೇಷನ್ನೇ ಬೇಡವೆಂದು ಎದ್ದು ಬಂದು ಊರಿಗೆ ಶೆಟ್ಟಿಕೆರೆ ಬಸ್ಸು ಹತ್ತಿದೆಯಲ್ಲ.

ಇವಳು ಏಳಲಿಲ್ಲ. "ಡಾಕ್ಟ್ರೇ, ಲಿಂಗ ಮೈಮೇಲಿಂದ ತೆಗೆಯಂಗಿಲ್ಲ ಕಣ್ರೀ. ಬೇರೆಲ್ಲಾದ್ರೂ ಕಟ್ಕಂಡ್ರೆ ಆಯ್ತದಾ?" ಎಂದು ಪಕ್ಕದಲ್ಲಿದ್ದ ಡಾಕ್ಟರನ್ನು ಕೇಳಿಯೇಬಿಟ್ಟಳು.

"ಬೆಳ್ಳಿ ಬೇಡಮ್ಮ, ಎದೆ ಮೇಲೂ ಬೇಡ. ಬಟ್ಟೇಲಿ ಸುತ್ತಿ ತೋಳಿಗೆ ಕಟ್ತೀವಿ" ಅಂದರು ಡಾಕ್ಟರು.

ಹಾಗೇ ಕಟ್ಟಿದರು. ಕವಾಟ ಬದಲಾಯಿಸಲಿಲ್ಲವಂತೆ, ಅವಳದನ್ನೇ ಹೊಲಿದು, ಸುತ್ತ ಬಳೆಯಂಥದ್ದೊಂದು ಕೂರಿಸಿದರಂತೆ. "ತೊಡಿಸಿದ್ದು ಒಂದೇ ಬಳೆ, ಅದೂ ಯಾರಿಗೂ ಕಾಣದಂಗೆ ಕಣಣ್ಣ" ಎಂದು ಇವತ್ತು ನಕ್ಕಳು.

ಡಾಕ್ಟರಿಗೆ ಕೈ ಮುಗಿದೆ. "ಇದೇನು ಹೊಸದಲ್ಲ ಬಿಡಿ, ನಿಮ್ಮ ಕಡೆಯವರಿಗೆ ಮೊದಲಿಂದಲೂ ಹಿಂಗೇ ಕಟ್ತೀವಿ. ಕೇಳಿದ್ರೆ ಸಾಕು" ಎಂದರು.

ಎಷ್ಟು ವರ್ಷದಿಂದ ಎಂದು ನಾನು ಕೇಳಲಿಲ್ಲ, ಅವ್ವಾ.